ಹಳದಿ ಕಾರ್ಡು, ಬಟ್ಟೆ ಚೀಲ, ಎರಡು ಬೈನಾಕ್ಯುಲರ್: ಅಪ್ಪನ ಜೊತೆ ಮಸಾಯಿ ಮಾರಾಕ್ಕೆ

ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಅದರಲ್ಲಿ ಹೆಚ್ಚಿನ ಕಾಲ ಮೈಸೂರು–ಊಟಿ ರೂಟು. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಶುರುವಾದ ಮೇಲೆ ಹಾರನ್ ಮುಟ್ಟುತ್ತಿರಲಿಲ್ಲ. ಆನೆ ರಸ್ತೆಗೆ ಬಂದರೆ ಎಂಜಿನ್ ಆರಿಸಿ, ತಿರುಗಿ ಪ್ರಯಾಣಿಕರ ಕಡೆ ನೋಡಿ, ಬಾಯಿ ಮೇಲೆ ಬೆರಳಿಡುತ್ತಿದ್ದರು. ಮನೆಗೆ ಬಂದು ಅದನ್ನು ನಮಗೆ ಹೇಳುವಾಗಲೂ ದನಿ ತಗ್ಗಿಸಿಯೇ ಹೇಳುತ್ತಿದ್ದರು. ರಿಟೈರ್ ಆಗಿ ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ಟೀವಿ ನೋಡುತ್ತಾ, "ಆಫ್ರಿಕಾದ ಆನೆ ನಮ್ಮದಕ್ಕಿಂತ ದೊಡ್ಡದಂತೆ, ಹೆಣ್ಣಾನೆಗೂ ದಂತ ಇರುತ್ತಂತೆ. ಒಂದ್ಸಲ ನೋಡ್ಬೇಕಿತ್ತು" ಅಂದರು. ಅಷ್ಟೇ ಅಂದಿದ್ದು. ಅದು 2024ರ ಅಕ್ಟೋಬರ್. 2025ರ ಫೆಬ್ರವರಿಯಲ್ಲಿ ನಾವಿಬ್ಬರೂ ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿದ್ದೆವು.

ಆ ನಾಲ್ಕು ತಿಂಗಳ ತಯಾರಿಯ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ. ಪ್ರಾಣಿಗಳ ಫೋಟೋ ಎಲ್ಲರೂ ಹಾಕುತ್ತಾರೆ. ನಾನು ಹೊರಡುವ ಮೊದಲು ಹುಡುಕಿದ್ದು ಮಾತ್ರ ಬೇರೆ. ಯಾವ ಕೆಲಸ ಮೊದಲು ಮಾಡಬೇಕು, ಅರವತ್ತು ದಾಟಿದವರನ್ನು ಕರೆದುಕೊಂಡು ಹೋದರೆ ಏನು ನೋಡಿಕೊಳ್ಳಬೇಕು, ಮೊಟ್ಟೆ ಕೂಡ ತಿನ್ನದವರು ಅಲ್ಲಿ ಏನು ತಿನ್ನುತ್ತಾರೆ, ಇಂಥವು. ಇದನ್ನೆಲ್ಲ ಕನ್ನಡದಲ್ಲಿ ಹೇಳುವವರು ನನಗೆ ಸಿಗಲಿಲ್ಲ.

ಮೊದಲ ಪ್ರಶ್ನೆ, ಯಾವಾಗ ಹೋಗುವುದು? ಎಲ್ಲರ ತಲೆಯಲ್ಲೂ ಇರುವುದು ಆಗಸ್ಟ್. ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು, ಅಂದರೆ ದನದಂತೆ ಕಾಣುವ ದೊಡ್ಡ ಹುಲ್ಲೆಗಳು, ತಾಂಜಾನಿಯಾದ ಸೆರೆಂಗೆಟಿಯಿಂದ ಹುಲ್ಲು ಹುಡುಕಿಕೊಂಡು ಉತ್ತರಕ್ಕೆ ಬಂದು, ಮೊಸಳೆ ತುಂಬಿದ ಮಾರಾ ನದಿ ದಾಟುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಅದರ ಕಾಲ. ನನಗೂ ಅದೇ ಆಸೆ ಇತ್ತು. ಆದರೆ ಮಾರಾದ ಪ್ರವೇಶ ಶುಲ್ಕ ನೋಡಿದಾಗ ನಿಂತು ಯೋಚಿಸಿದೆ. ಹೊರದೇಶದವರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ ಒಬ್ಬರಿಗೆ 100 ಡಾಲರ್. ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಇದು ಬರೀ ಗೇಟಿನ ಟಿಕೆಟ್ಟು. ಗಾಡಿ, ಊಟ, ಟೆಂಟು ಎಲ್ಲ ಬೇರೆ. ಸಿಂಹ, ಆನೆ, ಜಿರಾಫೆಗಳು ವರ್ಷವಿಡೀ ಅಲ್ಲೇ ಇರುತ್ತವೆ. ವಲಸೆ ಹೋಗುವುದು ಮುಖ್ಯವಾಗಿ ವೈಲ್ಡ್‌ಬೀಸ್ಟ್ ಮತ್ತು ಅದರ ಜೊತೆ ನಡೆಯುವ ಜೀಬ್ರಾ. ಅಪ್ಪನಿಗೆ ಬೇಕಿದ್ದು ಆನೆ. ಹಾಗಾಗಿ ಫೆಬ್ರವರಿ ಆರಿಸಿದೆವು. ಮಾರ್ಚಿನಲ್ಲಿ ದೊಡ್ಡ ಮಳೆ ಶುರುವಾಗುವ ಮುಂಚೆ ಅಲ್ಲಿ ಒಣ ಹವೆ, ಜನ ಕಡಿಮೆ. ನದಿ ದಾಟುವುದನ್ನು ನೋಡಲೇಬೇಕು ಅನ್ನುವವರು ಬಿಟ್ಟರೆ ಉಳಿದವರಿಗೆ ನಾನು ಫೆಬ್ರವರಿಯನ್ನೇ ಹೇಳುತ್ತೇನೆ.

ಆ ಟಿಕೆಟ್ಟಿನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ ನಡೆಯುವ ಟಿಕೆಟ್ಟು. ನೀವು ಮಧ್ಯಾಹ್ನ ಮೂರಕ್ಕೆ ತಲುಪಿ, "ಹಾಗೇ ಸಂಜೆ ಒಂದು ಸುತ್ತು ಹೋಗಿಬರೋಣ" ಅಂದರೂ ಪೂರ್ತಿ ದಿನದ ಹಣ. ನಾವು ಗೇಟಿನ ಹೊರಗಿನ ಕ್ಯಾಂಪಿನಲ್ಲಿ ಮೂರು ರಾತ್ರಿ ಉಳಿದೆವು, ಟಿಕೆಟ್ ಕೊಂಡಿದ್ದು ಎರಡೇ ದಿನಕ್ಕೆ. ಎರಡೂ ದಿನ ಆರು ಗಂಟೆಗೆ ಗೇಟಿನಲ್ಲಿದ್ದೆವು. ಊಟ ಕಟ್ಟಿಸಿಕೊಂಡು ಹೋಗಿ ಸಂಜೆವರೆಗೆ ಒಳಗೇ ಇದ್ದೆವು. ತಲುಪಿದ ದಿನ ಕ್ಯಾಂಪಿನ ಸುತ್ತ ಹಕ್ಕಿ ನೋಡುತ್ತಾ ಕಳೆದೆವು. ಇಬ್ಬರಿಗೂ ಸೇರಿ 200 ಡಾಲರ್ ಉಳಿಯಿತು. ಆಗಿನ ಲೆಕ್ಕದಲ್ಲಿ ಹದಿನೇಳು ಸಾವಿರ ರೂಪಾಯಿ ಮೇಲೆ.

ಟೂರಿನವರಿಂದ ರೇಟು ಕೇಳುವಾಗಲೂ ಈ ಟಿಕೆಟ್ಟೇ ಗಲಾಟೆ ಮಾಡುತ್ತದೆ. ನಾನು ಮೊದಲು ಮಾತಾಡಿದ ಏಜೆನ್ಸಿ "ಎಲ್ಲಾ ಸೇರಿ" ಎಂದು ಒಂದು ಮೊತ್ತ ಹೇಳಿತು. ಅಡ್ವಾನ್ಸ್ ಕೊಡುವ ಹಿಂದಿನ ದಿನ, ಯಾಕೋ ಅನುಮಾನ ಬಂದು, ಪಾರ್ಕ್ ಶುಲ್ಕ ಸೇರಿದೆಯಾ ಅಂತ ಬರೆದು ಕೇಳಿದೆ. ಸೇರಿರಲಿಲ್ಲ. ಬಾಯಲ್ಲಿ ಕೇಳಿದ್ದು ಸಾಲದು, ಎಲ್ಲವನ್ನೂ ಬರೆಸಿಕೊಳ್ಳಿ. ಪಾರ್ಕ್ ಶುಲ್ಕ ಎಷ್ಟು ದಿನಕ್ಕೆ? ಗಾಡಿ ಯಾವುದು, ನಮಗೊಬ್ಬರಿಗೇನಾ ಅಥವಾ ಬೇರೆಯವರ ಜೊತೆಗಾ? ಹಂಚಿಕೊಂಡರೆ ಕಿಟಕಿ ಸೀಟು ಗ್ಯಾರಂಟಿನಾ? ಕುಡಿಯುವ ನೀರು ಸೇರಿದೆಯಾ? ಡ್ರೈವರ್-ಗೈಡ್‌ಗೆ ಯಾವ ಬ್ಯಾಡ್ಜ್ ಇದೆ? ಅಲ್ಲಿ ಸಫಾರಿ ಗೈಡ್‌ಗಳಿಗೆ ಪರೀಕ್ಷೆ ಇದೆ. ಪಾಸಾದವರಿಗೆ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಮೆಟ್ಟಿಲಿನ ಬ್ಯಾಡ್ಜ್ ಕೊಡುತ್ತಾರೆ. ನಮಗೆ ಸಿಕ್ಕವರದು ಬೆಳ್ಳಿ.

ಇನ್ನು ಹಳದಿ ಜ್ವರದ, ಅಂದರೆ ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್‌ನ ಲಸಿಕೆ. ಇಡೀ ತಯಾರಿಯಲ್ಲಿ ತಪ್ಪಿಸಬಾರದ ಕೆಲಸ ಒಂದೇ ಅಂದರೆ ಇದು. ಕೀನ್ಯಾ ಹಳದಿ ಜ್ವರದ ಸೋಂಕು ಇರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ವಾಪಸ್ ಬರುವಾಗ ನಮ್ಮ ದೇಶದ ಏರ್‌ಪೋರ್ಟಿನಲ್ಲೇ ಲಸಿಕೆಯ ಹಳದಿ ಕಾರ್ಡು ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಹೋಗುವಾಗಿನದಕ್ಕಿಂತ ಬರುವಾಗಿನ ತೊಂದರೆ ಇದು, ಅದಕ್ಕೇ ತುಂಬಾ ಜನ ಮರೆಯುತ್ತಾರೆ. ಹಾಕಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಎಲ್ಲ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ಅದೂ ಎಷ್ಟೋ ಕಡೆ ವಾರದಲ್ಲಿ ಕೆಲವೇ ದಿನ. ಯಾಕೆಂದರೆ ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ, ಒಡೆದ ಮೇಲೆ ಕೆಲವು ಗಂಟೆಗಳಲ್ಲಿ ಮುಗಿಸಬೇಕು. ಅಷ್ಟು ಜನ ಸೇರಿದ ದಿನವೇ ಒಡೆಯುತ್ತಾರೆ.

ಮೈಸೂರಿನಿಂದ ಬೆಳಗಿನ ಟ್ರೇನಿಗೆ ಬೆಂಗಳೂರಿಗೆ ಹೋದೆವು. ಕೌಂಟರಿನಲ್ಲಿ ಅಪ್ಪನ ಪಾಸ್‌ಪೋರ್ಟ್ ಕೇಳಿದರು. ನನ್ನ ಬ್ಯಾಗಿನಲ್ಲಿ ಇದ್ದದ್ದು ಜೆರಾಕ್ಸು. ಒರಿಜಿನಲ್ ಮನೆಯ ಗಾಡ್ರೆಜ್ ಬೀರುವಿನಲ್ಲಿತ್ತು. ಕಾರ್ಡಿನ ಮೇಲೆ ಪಾಸ್‌ಪೋರ್ಟ್ ನಂಬರ್ ಬರೆದು ಸೀಲು ಹಾಕಬೇಕು, ಒರಿಜಿನಲ್ ಇಲ್ಲದೆ ಆಗಲ್ಲ ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಮತ್ತೆ ಸ್ಲಾಟ್ ಸಿಕ್ಕಿದ್ದು ಹತ್ತು ದಿನ ಬಿಟ್ಟು, ಜನವರಿ 17ಕ್ಕೆ. ವಿಮಾನ ಇದ್ದದ್ದು ಫೆಬ್ರವರಿ 11ಕ್ಕೆ. ಕೈಯಲ್ಲಿ ದಿನ ಇಟ್ಟುಕೊಂಡಿದ್ದಕ್ಕೆ ಬಚಾವಾದೆವು. ಕಡೇ ವಾರಕ್ಕೆ ಇಟ್ಟುಕೊಂಡಿದ್ದರೆ ಟಿಕೆಟ್ ಹಣ ಹೋಗುತ್ತಿತ್ತು.

ಎರಡನೇ ಸಲ ಅಲ್ಲಿನ ಡಾಕ್ಟರ್ ನನ್ನ ಜೊತೆ ಎರಡು ನಿಮಿಷ ಮಾತಾಡಿದರೆ ಅಪ್ಪನ ಜೊತೆ ಹದಿನೈದು ನಿಮಿಷ ಮಾತಾಡಿದರು. ಮೊಟ್ಟೆಯ ಅಲರ್ಜಿ ಇದೆಯಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಕ್ಯಾನ್ಸರಿಗೆ ಚಿಕಿತ್ಸೆ ಆಗಿದೆಯಾ, ಸ್ಟೀರಾಯ್ಡ್ ಇದೆಯಾ, ಥೈಮಸ್ ಗ್ರಂಥಿಯ ತೊಂದರೆ ಏನಾದರೂ ಇತ್ತಾ. ಇದು ಜೀವಂತ ವೈರಸ್ಸನ್ನು ದುರ್ಬಲ ಮಾಡಿ ಕೊಡುವ ಲಸಿಕೆ. ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಂಡರೆ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಕಡಿಮೆಯೇ, ಆದರೆ ಚಿಕ್ಕವರಿಗಿಂತ ಹೆಚ್ಚು. ಅಪ್ಪನಿಗೆ ಬಿಪಿ ಒಂದು ಬಿಟ್ಟರೆ ಬೇರೇನಿಲ್ಲ. ಡಾಕ್ಟರ್ ಎಲ್ಲ ಕೇಳಿ ಹಾಕಬಹುದು ಅಂದರು. ಹಾಕಿಸಿಕೊಂಡ ರಾತ್ರಿ ಸ್ವಲ್ಪ ಮೈಕೈ ನೋವು, ಅಷ್ಟೇ. ಆದರೂ ಒಂದು ಮಾತು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಟಿಕೆಟ್ ಮಾಡಿಸುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಇದನ್ನು ಮಾತಾಡಿ. ಹಾಕಬಾರದು ಅಂತ ಆದರೆ ಊರೇ ಬದಲಾಯಿಸಬೇಕಾಗುತ್ತದೆ. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್‌ವಾನಾಗಳು ಹಳದಿ ಜ್ವರದ ಪಟ್ಟಿಯಲ್ಲಿಲ್ಲ.

ಮಲೇರಿಯಾಕ್ಕೆ ಲಸಿಕೆ ಅಲ್ಲ, ಮಾತ್ರೆ. ನಮ್ಮ ಡಾಕ್ಟರ್ ಬರೆದುಕೊಟ್ಟದ್ದು ಅಟೊವಾಕ್ವೋನ್-ಪ್ರೊಗುವಾನಿಲ್. ಹೋಗುವ ಒಂದೆರಡು ದಿನ ಮುಂಚೆ ಶುರು ಮಾಡಿ, ಬಂದ ಮೇಲೆ ಏಳು ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಅಗ್ಗ. ಆದರೆ ಬಂದ ಮೇಲೆ ನಾಲ್ಕು ವಾರ ಮುಂದುವರಿಸಬೇಕು, ಬಿಸಿಲಿಗೆ ಚರ್ಮ ಸುಡುವುದೂ ಜಾಸ್ತಿ. ಯಾವುದು ಸರಿ ಅಂತ ಡಾಕ್ಟರೇ ಹೇಳಬೇಕು, ಅಂಗಡಿಯಲ್ಲಿ ಸುಮ್ನೆ ಕೇಳಿ ತರಬೇಡಿ. ಬಂದು ಎರಡು ಮೂರು ತಿಂಗಳಲ್ಲಿ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದನ್ನು ಡಾಕ್ಟರಿಗೆ ಹೇಳಬೇಕು.

ವೀಸಾದ ಬದಲು ಕೀನ್ಯಾ 2024ರ ಜನವರಿಯಿಂದ ಇಟಿಎ ಅಂತ ಆನ್‌ಲೈನ್ ಅನುಮತಿ ತಂದಿದೆ. ಪಾಸ್‌ಪೋರ್ಟ್, ಫೋಟೋ, ವಿಮಾನದ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಹಾಕಿ ಹಣ ಕಟ್ಟಬೇಕು. ನಮಗೆ ಮೂರು ದಿನದಲ್ಲಿ ಬಂತು. ಒಂದೇ ಎಚ್ಚರ: ಸರ್ಕಾರಿ ತಾಣದ ಹೆಸರು 'ಗೋ ಡಾಟ್ ಕೆಇ' ಎಂದೇ ಕೊನೆಯಾಗುತ್ತದೆ. ಅದರಂತೆಯೇ ಕಾಣುವ ಬೇರೆ ತಾಣಗಳು ಮೇಲೆ ಹಣ ಕೇಳುತ್ತವೆ. ಇನ್ಶೂರೆನ್ಸ್ ಮಾಡಿಸುವಾಗ ಅಪ್ಪನ ಬಿಪಿಯನ್ನು ಮುಚ್ಚಿಡದೆ ಬರೆಸಿದೆ. ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಪಾಲಿಸಿಯಲ್ಲಿ ಇದೆಯಾ ಎಂದು ಓದಿ ನೋಡಿದೆ. ಮಾರಾದಿಂದ ನೈರೋಬಿಗೆ ರಸ್ತೆಯಲ್ಲಿ ಐದಾರು ಗಂಟೆ. ಎದೆ ನೋವು ಬಂದವರು ಅಷ್ಟು ಹೊತ್ತು ಕಾಯಲಾಗುವುದಿಲ್ಲ ಅಲ್ವಾ?

ಬ್ಯಾಗು ತುಂಬುವ ಕೆಲಸ ಅಮ್ಮನದು. ಮಂಡಿ ನೋವಿನಿಂದ ಅಮ್ಮ ಬರಲಿಲ್ಲ. ಸಫಾರಿಯ ಲ್ಯಾಂಡ್ ಕ್ರೂಸರ್ ಎತ್ತರದ ಗಾಡಿ, ದಿನಕ್ಕೆ ಹತ್ತು ಸಲ ಹತ್ತಿಳಿಯಬೇಕು. "ನೀವು ಹೋಗ್ಬನ್ನಿ, ತಿಂಡಿ ನಾನು ಕಟ್ತೀನಿ" ಅಂದರು. ಚಟ್ನಿಪುಡಿ, ಹುರಿದ ಅವಲಕ್ಕಿ, ಚಕ್ಕುಲಿ, ಕೊಬ್ಬರಿ ಮಿಠಾಯಿ. ಎಲ್ಲವನ್ನೂ ಎರಡೆರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಇಟ್ಟಿದ್ದರು. ನಾನು ನೋಡಿ ಬೆಚ್ಚಿದೆ. ಕೀನ್ಯಾ 2017ರ ಆಗಸ್ಟ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ, ದಂಡವೂ ಭಾರಿ. 2020ರ ಜೂನ್‌ನಿಂದ ಅಭಯಾರಣ್ಯಗಳ ಒಳಗೆ ಒಂದೇ ಸಲ ಬಳಸಿ ಎಸೆಯುವ ನೀರಿನ ಬಾಟಲಿ, ಸ್ಟ್ರಾ, ಪ್ಲಾಸ್ಟಿಕ್ ತಟ್ಟೆ ಯಾವುದೂ ಇಲ್ಲ. ಅಮ್ಮನಿಗೆ ವಿಷಯ ಹೇಳಿದೆ. ಒಂದು ಗಳಿಗೆ ಸುಮ್ಮನೆ ಕೂತರು. ಆಮೇಲೆ ಬೀರುವಿನಿಂದ ಹಳೆಯ ಕಾಟನ್ ಸೀರೆ ತೆಗೆದು, ಅದೇ ಸಂಜೆ ಮಿಷನ್ನಿನಲ್ಲಿ ಕೂತು ಹನ್ನೊಂದು ಚೀಲ ಹೊಲಿದರು. ಬಾಯಿಗೆ ಲಾಡಿ ಪೋಣಿಸಿದ ಪುಟ್ಟ ಚೀಲಗಳು. ನೀಲಿ ಮೇಲೆ ಬಿಳಿ ಚುಕ್ಕಿ. ಚಟ್ನಿಪುಡಿ ಸ್ಟೀಲ್ ಡಬ್ಬಿಗೆ ಹೋಯಿತು. ಚಕ್ಕುಲಿ, ಸಾಕ್ಸು, ಚಾರ್ಜರು, ಔಷಧಿ ಎಲ್ಲ ಒಂದೊಂದು ಚೀಲಕ್ಕೆ. ಅಲ್ಲಿ ಆ ಚೀಲಗಳು ಎಷ್ಟು ಉಪಯೋಗಕ್ಕೆ ಬಂದವೆಂದರೆ, ಧೂಳಿನಲ್ಲಿ ಕ್ಯಾಮೆರಾ ಲೆನ್ಸನ್ನು ಕಾಪಾಡಿದ್ದೂ ಅವೇ. ಮುಂದಿನ ಯಾವ ಪ್ರಯಾಣಕ್ಕೂ ನಾನು ಅವನ್ನು ಬಿಟ್ಟು ಹೋಗುವುದಿಲ್ಲ.

ಹನ್ನೊಂದನೇ ಚೀಲ ದೊಡ್ಡದು, ಖಾಲಿಯಾಗಿಯೇ ಹೋಯಿತು. ಕ್ಯಾಮೆರಾ ಅಲುಗದಂತೆ ಗಾಡಿಯ ಅಂಚಿನ ಮೇಲೆ ಇಡಲು ಕಾಳು ತುಂಬಿದ ಚೀಲ ಬೇಕು. ಟ್ರೈಪಾಡ್ ಗಾಡಿಯೊಳಗೆ ನಿಲ್ಲುವುದಿಲ್ಲ. ದಾರಿಯಲ್ಲಿ ಸಿಗುವ ನಾರೋಕ್ ಪೇಟೆಯಲ್ಲಿ ಎರಡು ಕಿಲೋ ಹುರುಳಿಕಾಯಿ ಬೀಜ ಕೊಂಡು ತುಂಬಿಸಿದೆವು. ಕೊನೆಯ ದಿನ ಆ ಕಾಳನ್ನು ಡ್ರೈವರ್ ಮನೆಗೆ ತೆಗೆದುಕೊಂಡು ಹೋದರು. ಅಲ್ಲಿ ಕಾಳು ಮತ್ತು ಮೆಕ್ಕೆಜೋಳ ಬೇಯಿಸಿ ಮಾಡುವ ಗಿಥೇರಿ ದಿನದ ಊಟ.

ಬಟ್ಟೆಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು, ಆಫ್ರಿಕಾ ಅಂದರೆ ಸೆಕೆ ಅಂದುಕೊಳ್ಳುವುದು. ನೈರೋಬಿ ಸಮುದ್ರ ಮಟ್ಟದಿಂದ 1,700 ಮೀಟರಿಗೂ ಮೇಲಿದೆ. ಮಾರಾ ಕೂಡ 1,500 ಮೀಟರ್ ಮೇಲಿನ ಬಯಲು. ಬೆಳಿಗ್ಗೆ ಆರಕ್ಕೆ ಮೇಲ್ಛಾವಣಿ ಎತ್ತಿದ ಗಾಡಿಯಲ್ಲಿ ನಿಂತರೆ ಗಾಳಿ ಚುಚ್ಚುತ್ತದೆ. ಹತ್ತು ಗಂಟೆಗೆ ಬಿಸಿಲು ಸುಡುತ್ತದೆ. ಸ್ವೆಟರ್, ಅದರ ಮೇಲೊಂದು ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಒಳಗೆ ತೆಳು ಹತ್ತಿ ಬಟ್ಟೆ. ಈರುಳ್ಳಿ ಸಿಪ್ಪೆ ಸುಲಿದ ಹಾಗೆ ಒಂದೊಂದೇ ತೆಗೆಯುತ್ತಾ ಹೋಗಬೇಕು. ಜುಲೈ, ಆಗಸ್ಟ್‌ನಲ್ಲಿ ಹೋಗುವವರಿಗೆ ಚಳಿ ಇನ್ನೂ ಜಾಸ್ತಿ. ಬಿಳಿ ಬಟ್ಟೆ ಬೇಡ, ಧೂಳಿಗೆ ಒಂದೇ ಗಂಟೆಯಲ್ಲಿ ಕೆಂಪಾಗುತ್ತದೆ. ಸೈನಿಕರ ಬಟ್ಟೆಯಂಥ ಹಸಿರು ಮಚ್ಚೆಯದು ಬೇಡವೇ ಬೇಡ, ಆಫ್ರಿಕಾದ ಹಲವು ದೇಶಗಳಲ್ಲಿ ಜನಸಾಮಾನ್ಯರು ಅದನ್ನು ಹಾಕುವಂತಿಲ್ಲ. ಡ್ರೋನ್ ಮನೆಯಲ್ಲೇ ಇರಲಿ. ಅಪ್ಪ ಹೆಗಲ ಮೇಲೆ ಯಾವಾಗಲೂ ಒಂದು ಚೌಕಳಿ ಟವೆಲ್ ಹಾಕುತ್ತಾರೆ. ಧೂಳು ಎದ್ದಾಗ ಮೂಗಿಗೆ, ಬಿಸಿಲೆದ್ದಾಗ ತಲೆಗೆ, ಊಟದ ಹೊತ್ತಿಗೆ ತೊಡೆ ಮೇಲೆ. ಎರಡನೇ ದಿನ ನಾನೂ ಒಂದು ಇಸಿದುಕೊಂಡೆ.

ಸಣ್ಣ ಸಣ್ಣ ಸಾಮಾನುಗಳಲ್ಲಿ ಮೂರು ಮಾತ್ರ ಒತ್ತಿ ಹೇಳುತ್ತೇನೆ. ನಮ್ಮ ದುಂಡು ಪಿನ್ನಿನ ಪ್ಲಗ್ ಕೀನ್ಯಾದಲ್ಲಿ ಹಿಡಿಸುವುದಿಲ್ಲ. ಬ್ರಿಟಿಷರ ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಇಲ್ಲಿಂದಲೇ ಕೊಂಡುಹೋಗಿ. ಕ್ಯಾಂಪಿನಲ್ಲಿ ಜನರೇಟರ್ ಕೆಲವೇ ಗಂಟೆ ಓಡುತ್ತದೆ, ಆ ಹೊತ್ತಿನಲ್ಲಿ ಎಲ್ಲವನ್ನೂ ಚಾರ್ಜ್ ಮಾಡಬೇಕು. ಡಾಲರ್ ತರುವಾಗ ಹಳೆಯ ನೋಟು ಬೇಡ. 2006ಕ್ಕಿಂತ ಹಿಂದಿನ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಹರಿದದ್ದು, ಗೀಚಿದ್ದು ಬೇಡ. ಟಿಪ್ಸ್‌ಗೆ ಚಿಲ್ಲರೆ ನೋಟು ಇರಲಿ. ಮೂರನೆಯದು ಬೈನಾಕ್ಯುಲರ್. ಇದು ತಲೆಗೊಂದು ಬೇಕು. "ಇಬ್ಬರಿಗೂ ಒಂದು ಸಾಕು" ಅನ್ನುವುದು ದೊಡ್ಡ ತಪ್ಪು. ಚಿರತೆ ಮರದ ಮೇಲೆ ಕಾಣಿಸಿದ ಹತ್ತು ಸೆಕೆಂಡಿನಲ್ಲಿ ಯಾರು ಯಾರಿಗೆ ಕೊಡುತ್ತಾರೆ? 8x42 ಅಂತ ಬರೆದದ್ದು ಆರಿಸಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಇರುವುದರಿಂದ ಮುಸ್ಸಂಜೆಯಲ್ಲೂ ಬೆಳಕು ಸಾಲುತ್ತದೆ. ಇನ್ನೂ ಜಾಸ್ತಿ ಪಟ್ಟಿನದು ಕೊಂಡರೆ ಕೈ ನಡುಗಿದ್ದೆಲ್ಲ ಕಾಣುತ್ತದೆ. ಅಪ್ಪನಿಗೆ ಒಂದು ತಿಂಗಳು ಮುಂಚೆಯೇ ಕೊಡಿಸಿ, ಕುಕ್ಕರಹಳ್ಳಿ ಕೆರೆಗೆ ದಿನಾ ಬೆಳಿಗ್ಗೆ ತೆಗೆದುಕೊಂಡು ಹೋಗಿ ಅಭ್ಯಾಸ ಮಾಡಿ ಅಂದೆ. ಹೆಜ್ಜಾರ್ಲೆಯ ಕೊಕ್ಕನ್ನು ತಕ್ಷಣ ಹಿಡಿಯುವಷ್ಟು ಕೈ ಪಳಗಿತು. ಅದು ಮಾರಾದಲ್ಲಿ ಕೆಲಸಕ್ಕೆ ಬಂತು.

ಮುಂಬೈಯಿಂದ ನೈರೋಬಿಗೆ ಆರು ಗಂಟೆಯ ಹಾರಾಟ. ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ. ಮೊದಲ ರಾತ್ರಿ ನೈವಾಷಾ ಸರೋವರದ ಹತ್ತಿರ ಉಳಿದೆವು. ದಾರಿಯಲ್ಲಿ ರಿಫ್ಟ್ ಕಣಿವೆಯ ಅಂಚಿನಲ್ಲಿ ನಿಂತಾಗ ಅಪ್ಪ ಕೆಳಗಿನ ತಿರುವುಗಳನ್ನೇ ನೋಡುತ್ತಿದ್ದರು. ಊಟಿ ಘಾಟಿ ಓಡಿಸಿದ ಕಣ್ಣು. ಡ್ರೈವರ್‌ಗೆ ಗೊತ್ತಿದ್ದದ್ದು ಸ್ವಾಹಿಲಿ ಮತ್ತು ಇಂಗ್ಲಿಷ್. ಅಪ್ಪನಿಗೆ ಕನ್ನಡ, ಸ್ವಲ್ಪ ತಮಿಳು. ನಾನು ನಡುವೆ ಕೂತು ತರ್ಜುಮೆ ಮಾಡುತ್ತಿದ್ದೆ. ಅವರು ವಾಹನವನ್ನು "ಗಾರಿ" ಅಂದಾಗ ಅಪ್ಪ ಥಟ್ಟನೆ ತಿರುಗಿ "ಗಾಡಿ?" ಅಂದರು. ಅಲ್ಲಿಂದ ಶುರುವಾಯಿತು. ಸೋಪಿಗೆ ಸಬುನಿ, ನಮ್ಮ ಸಾಬೂನು. ಅಂಗಡಿಗೆ ದುಕಾ. ಲಾಯರಿಗೆ ವಕೀಲಿ. ಚಾಯ್ ಚಾಯೇ, ಚಪಾತಿ ಚಪಾತಿಯೇ. ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಅರಬ್ಬಿ, ಪರ್ಷಿಯನ್, ಹಿಂದಿ ಮಾತುಗಳು ಎರಡೂ ದಡಕ್ಕೆ ಹೋಗಿ ಇಳಿದಿವೆ. 1896ರಿಂದ ಅಲ್ಲಿ ರೈಲು ಹಳಿ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಯವರನ್ನು ಕರೆದುಕೊಂಡು ಹೋಗಿದ್ದರು. ಚಪಾತಿ ಕೀನ್ಯಾದವರ ಮನೆಯ ಅಡುಗೆಯೇ ಆಗಿಹೋಗಿದೆ.

ಹಾಗಾಗಿ ಊಟಕ್ಕೆ ನಾವು ಹೆದರಿದಷ್ಟು ಕಷ್ಟ ಆಗಲಿಲ್ಲ. ಬುಕ್ ಮಾಡುವಾಗಲೇ "ಮಾಂಸ, ಮೀನು, ಮೊಟ್ಟೆ ಮೂರೂ ಇಲ್ಲ, ಹಾಲು ಮೊಸರು ಆಗುತ್ತೆ" ಅಂತ ಬಿಡಿಸಿ ಬರೆದಿದ್ದೆ. ಚಪಾತಿ, ಬೇಳೆ, ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ, ಅನ್ನ ಸಿಕ್ಕಿತು. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನೋಡಿ ಅಪ್ಪನಿಗೆ ಮುದ್ದೆಯೇ ಎದುರು ಬಂದಂತಾಯಿತು. ಬೆಳ್ಳಗಿತ್ತು, ಅಷ್ಟೇ ವ್ಯತ್ಯಾಸ. ಸುಕುಮಾದಲ್ಲಿ ಅದ್ದಿ, ಮೇಲೆ ಅಮ್ಮನ ಚಟ್ನಿಪುಡಿ ಉದುರಿಸಿಕೊಂಡು ತಿಂದರು. ಟೆಂಟಿನೊಳಗೆ ಮಾತ್ರ ತಿಂಡಿ ಇಡಬೇಡಿ. ಕೋತಿಗಳು ಜಿಪ್ ಎಳೆದು ಒಳಗೆ ಬರುತ್ತವೆ. ನಮ್ಮ ಚಕ್ಕುಲಿಯನ್ನು ಕ್ಯಾಂಪಿನ ಅಡುಗೆಮನೆಯವರೇ ಇಟ್ಟುಕೊಂಡು, ಟೀ ಜೊತೆ ತಟ್ಟೆಯಲ್ಲಿ ತಂದುಕೊಡುತ್ತಿದ್ದರು. ರಾತ್ರಿ ಟೆಂಟಿಗೆ ಹೋಗುವಾಗ ಕಾವಲುಗಾರರು ಟಾರ್ಚ್ ಹಿಡಿದು ಜೊತೆಗೆ ಬರುತ್ತಾರೆ. ಎಷ್ಟೇ ಹತ್ತಿರ ಇರಲಿ, ಒಬ್ಬರೇ ನಡೆಯಬಾರದು.

ಹೆಣ್ಣುಮಕ್ಕಳಿಗೊಂದು ಮಾತು. ಹನ್ನೆರಡು ಗಂಟೆ ಗಾಡಿಯಲ್ಲಿರುವಾಗ ಬಾತ್‌ರೂಮಿನ ಚಿಂತೆ ಸಹಜ. ಗೇಟಿನಲ್ಲಿ, ಒಳಗಿನ ಲಾಡ್ಜ್‌ಗಳ ಹತ್ತಿರ ಶೌಚಾಲಯ ಇದೆ. ನಡುವೆ ಬೇಕೆನಿಸಿದರೆ ಸಂಕೋಚ ಬಿಟ್ಟು ಡ್ರೈವರ್‌ಗೆ ಹೇಳಿ. ಅವರು ಸುತ್ತ ನೋಡಿ, ಸುರಕ್ಷಿತ ಅನಿಸಿದ ಕಡೆ ನಿಲ್ಲಿಸುತ್ತಾರೆ. ಅದಕ್ಕೆಂದು ನೀರು ಕುಡಿಯದೆ ಇರಬೇಡಿ, ತಲೆನೋವು ಬರುತ್ತದೆ. ಉದ್ದನೆಯ ಕುರ್ತಾ ಮರೆಗೆ ಬಹಳ ಅನುಕೂಲ. ಬಳಸಿದ ಪ್ಯಾಡ್, ಟಿಶ್ಯೂ ಎಲ್ಲ ಕಾಗದದಲ್ಲಿ ಸುತ್ತಿ ಕ್ಯಾಂಪಿಗೆ ವಾಪಸ್ ತರಬೇಕು.

ಬೆನ್ನು ನೋವಿದ್ದವರು ಎಲ್ಲಿ ಕೂರಬೇಕು ಅನ್ನುವುದನ್ನು ಅಪ್ಪ ಹೇಳಿಕೊಟ್ಟರು. "ಹಿಂದಿನ ಸೀಟು ಎಗರುತ್ತೆ ಪುಟ್ಟಿ, ಚಕ್ರದ ಮೇಲೆ ಕೂರಬೇಡ, ಮಧ್ಯ ಕೂರು." ಹೌದು, ಹಿಂದೆ ಕೂತ ಅರ್ಧ ಗಂಟೆಯಲ್ಲಿ ನನ್ನ ಸೊಂಟ ಹೇಳಿತು.

ಮೊದಲ ಬೆಳಿಗ್ಗೆ ಸೆಕೆನಾನಿ ಗೇಟು ದಾಟಿದಾಗ ನಮಗೆ ಅರಗಿಸಿಕೊಳ್ಳಲಾಗದ್ದು ಆ ಬಯಲು. ಬಂಡೀಪುರ, ಕಬಿನಿಯಲ್ಲಿ ಕಾಡು ಅಂದರೆ ಮರ, ಪೊದೆ, ನೆರಳು. ಪ್ರಾಣಿ ಒಂದು ಕ್ಷಣ ಕಂಡು ಮರೆಯಾಗುತ್ತದೆ. ಇಲ್ಲಿ ಆಕಾಶದ ಅಂಚಿನವರೆಗೆ ಹುಲ್ಲು. ಅದರ ಮೇಲೆ ಅಲ್ಲೊಂದು ಇಲ್ಲೊಂದು ಮರ. ಎರಡು ಕಿಲೋಮೀಟರ್ ದೂರದ ಜಿರಾಫೆ ಕೂಡ ಕಾಣುತ್ತದೆ. ಹಾಗಾಗಿ ಇಲ್ಲಿ ಹುಡುಕುವುದಕ್ಕಿಂತ ಜಾಸ್ತಿ ಕಾಯುವುದೇ ಕೆಲಸ.

ಒಂದು ಹುತ್ತದ ದಿಬ್ಬದ ಮೇಲೆ ಚೀತಾ ಕೂತಿತ್ತು. ನಮ್ಮಲ್ಲಿ ಚಿರತೆ, ಚೀತಾ ಎರಡನ್ನೂ ಬೆರೆಸಿ ಮಾತಾಡುತ್ತೇವೆ. ಕನ್ನಡದಲ್ಲಿ ಚೀತಾಕ್ಕೆ ಸಿವಂಗಿ ಅಂತ ಚಂದದ ಹೆಸರಿದೆ. ಭಾರತದಲ್ಲಿ ಅದು ನಾಮಾವಶೇಷ ಎಂದು 1952ರಲ್ಲಿ ಘೋಷಿಸಿದರು, 2022ರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕೂನೋ ಕಾಡಿನಲ್ಲಿ ಬಿಟ್ಟರು. ಕಣ್ಣಿನಿಂದ ಬಾಯಿಯವರೆಗೆ ಕಾಡಿಗೆ ಕರಗಿ ಇಳಿದಂತೆ ಕಪ್ಪು ಗೆರೆ. ಬೈನಾಕ್ಯುಲರ್‌ನಲ್ಲಿ ಅದರ ಮೂಗಿನ ಮೇಲೆ ಕೂತ ನೊಣ ಕೂಡ ಕಂಡಿತು. ದೂರದಲ್ಲಿ ಜಿಂಕೆಯಂಥ ಥಾಮ್ಸನ್ ಗೆಜೆಲ್‌ಗಳ ಹಿಂಡು. ಒಂದೂವರೆ ಗಂಟೆ ಕಾದೆವು. ಅದು ಎದ್ದಿತು, ಮೈ ಮುರಿಯಿತು, ಮತ್ತೆ ಮಲಗಿತು. ಬೇಟೆ ಆಗಲಿಲ್ಲ. ಪಕ್ಕದ ಗಾಡಿಯವರು ಹತ್ತೇ ನಿಮಿಷಕ್ಕೆ ಹೊರಟುಹೋದರು. ಡ್ರೈವರ್‌ಗೆ "ಇನ್ನೂ ಹತ್ತಿರ ಹೋಗಿ, ಬೇರೆ ಕಡೆ ಓಡಿಸಿ" ಅಂತ ಒತ್ತಾಯ ಮಾಡುವವರನ್ನೂ ಅಲ್ಲಿ ಕಂಡೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಾಣಿಯ ಸುತ್ತ ಒಂದು ಸಲಕ್ಕೆ ಐದೇ ಗಾಡಿ ನಿಲ್ಲಬೇಕು ಅಂತ ನಿಯಮ ಇದೆ. ದಾರಿ ಬಿಟ್ಟು ಹುಲ್ಲಿಗೆ ಇಳಿದರೆ ದಂಡ ಬೀಳುವುದು ಡ್ರೈವರ್‌ಗೆ. ಗಾಡಿಗಳು ಮುತ್ತಿಕೊಂಡರೆ ಚೀತಾ ಬೇಟೆಯನ್ನೇ ಬಿಟ್ಟುಬಿಡುತ್ತದೆ, ಅದರ ಮರಿಗಳು ಉಪವಾಸ.

ಎರಡನೇ ದಿನ ಸಂಜೆ ನಾಲ್ಕಕ್ಕೆ ಆನೆ ಸಿಕ್ಕವು. ಹದಿನಾಲ್ಕು ಇದ್ದವು. ದಾರಿಯ ಎಡಗಡೆಯಿಂದ ಬಲಗಡೆಗೆ ದಾಟುತ್ತಿದ್ದವು. ಡ್ರೈವರ್ ಎಂಜಿನ್ ಆರಿಸಿದರು. ಆರಿಸಿ, ಹಿಂದೆ ತಿರುಗಿ, ಬಾಯಿ ಮೇಲೆ ಬೆರಳಿಟ್ಟರು. ಅಪ್ಪ ನನ್ನನ್ನು ನೋಡಿದರು. ಅವರ ಬೆರಳೂ ಅಷ್ಟರಲ್ಲಿ ತುಟಿಯ ಮೇಲಿತ್ತು. ದೊಡ್ಡ ಹೆಣ್ಣಾನೆ ನಮ್ಮಿಂದ ಹತ್ತು ಮಾರು ದೂರದಲ್ಲಿ ನಿಂತಿತು. ಕಿವಿ ಬಿಡಿಸಿದರೆ ನಮ್ಮ ಮನೆ ಬಾಗಿಲಿನಷ್ಟು. ಎರಡೂ ದಂತ ಸವೆದಿದ್ದವು, ಬಲದ್ದು ಹೆಚ್ಚು. ಸೊಂಡಿಲು ಎತ್ತಿ ಗಾಳಿ ಮೂಸಿತು. ಅದರ ಗಂಟಲಿನೊಳಗಿನ ಗುಡುಗುಡು ಸದ್ದು ನಮ್ಮ ಸೀಟಿನ ಕಂಬಿಯಲ್ಲಿ ಕೈಗೆ ತಾಗುತ್ತಿತ್ತು. ಮರಿಯನ್ನು ನಡುವೆ ಹಾಕಿಕೊಂಡು ಉಳಿದವು ದಾಟಿದ ಮೇಲೆ ಅದೂ ಹೋಯಿತು. ಆಮೇಲೂ ಐದು ನಿಮಿಷ ಎಂಜಿನ್ ಶುರುವಾಗಲಿಲ್ಲ. ನಾನು ಫೋಟೋ ತೆಗೆಯಲಿಲ್ಲ.

ವಾಪಸ್ ಮುಂಬೈಯಲ್ಲಿ ಇಳಿದಾಗ ಇಮಿಗ್ರೇಷನ್‌ಗೆ ಮೊದಲೇ ಆರೋಗ್ಯ ತಪಾಸಣೆಯವರು ಕೂತಿದ್ದರು. ಹಳದಿ ಕಾರ್ಡು ಬಿಡಿಸಿ, ತಾರೀಕು ನೋಡಿ, ಹೋಗಿ ಅಂದರು. ನಮ್ಮ ಮುಂದಿದ್ದ ಒಬ್ಬರ ಹತ್ತಿರ ಕಾರ್ಡು ಇರಲಿಲ್ಲ. ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಹೊರಗೆ ಗಾಜಿನ ಆಚೆ ಅವರ ಹೆಂಡತಿ ಮಕ್ಕಳು ಕಾಯುತ್ತಿದ್ದರೋ ಏನೋ ಅಂತ ಅಪ್ಪ ಬಹಳ ಹೊತ್ತು ನೊಂದುಕೊಂಡರು.

ಮನೆಗೆ ಬಂದು ಮಲೇರಿಯಾ ಮಾತ್ರೆಯ ಉಳಿದ ಏಳು ದಿನ ಮುಗಿಸಿದೆವು. ಕೊನೆಯ ಮಾತ್ರೆಯ ದಿನ ಅಪ್ಪ ತಮ್ಮ ಹಳೆಯ ಡ್ರೈವರ್ ಬ್ಯಾಡ್ಜ್ ಇಟ್ಟಿರುವ ತಗಡಿನ ಡಬ್ಬಿ ತೆಗೆದು, ಹಳದಿ ಕಾರ್ಡನ್ನು ಅದರೊಳಗೆ ಇಡುತ್ತಿದ್ದರು.

"ಇದು ಎಷ್ಟು ವರ್ಷ ನಡೆಯುತ್ತೆ ಅಂದ್ರು ಡಾಕ್ಟ್ರು?"

"ಮೊದಲು ಹತ್ತು ವರ್ಷ ಇತ್ತಂತೆ ಅಪ್ಪ. 2016ರಿಂದ ಜೀವಮಾನಕ್ಕೆಲ್ಲ ಒಂದೇ ಸಾಕು."

"ತಾಂಜಾನಿಯಾಗೂ ಇದೇ ನಡೆಯುತ್ತಾ?"

"ನಡೆಯುತ್ತೆ. ಕೀನ್ಯಾ ಮೇಲೆ ಹೋದ್ರೆ ಅವರೂ ಇದನ್ನೇ ಕೇಳ್ತಾರೆ."

ಅಪ್ಪ ಡಬ್ಬಿ ಮುಚ್ಚಲಿಲ್ಲ. ಅಮ್ಮನನ್ನು ಕರೆದು, ಆ ಚೀಲಗಳನ್ನು ಒಗೆದು ಎಲ್ಲಿ ಇಟ್ಟಿದ್ದೀಯಾ ಅಂತ ಕೇಳಿದರು.